ಗೀಜಗನ ಒಳಗೋಡೆ

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಒಂದು ಗಂಡು ಗೀಜಗ ಗೂಡು ಹೆಣೆಯುತ್ತಿತ್ತು. ಕೋಣೆ ಮುಗಿದಿತ್ತು, ಕೆಳಕ್ಕೆ ಇಳಿಬಿಡುವ ಬಾಗಿಲ ಕೊಳವೆ ಮಾತ್ರ ಬಾಕಿ. ಒಂದು ಹೆಣ್ಣು ಬಂದು ಗೂಡನ್ನು ಜಗ್ಗಿ ನೋಡಿ, "ಗಟ್ಟಿಯಾಗಿದೆ. ಕೊಳವೆ ಮುಗಿಸು, ನಾನು ಇಲ್ಲೇ ಮೊಟ್ಟೆಯಿಡುತ್ತೇನೆ" ಎಂದಿತು.

ಸಂತೋಷಕ್ಕೆ ಗಂಡಿನ ಕಾಲು ನಿಲ್ಲಲಿಲ್ಲ. ಒಳಗೋಡೆಗೆ ಕೆಮ್ಮಣ್ಣು ಮೆತ್ತಿತು. ಮಂಕಾಯಿತೆಂದು ಅದನ್ನು ಕೆರೆದು, ಮಿರುಗುವ ಎರೆಮಣ್ಣು ಬಳಿಯಿತು. ಅದರ ಮೇಲೆ ತಂಗಡಿ ಹೂವಿನ ಹಳದಿ ಎಸಳು ಅಂಟಿಸಿ, ಕೆಳಗಿನಿಂದ ಇಣುಕಿ ನೋಡಿ, ಮನಸ್ಸು ಒಪ್ಪದೆ ಕಿತ್ತು ಹಾಕಿತು.

"ಮಹರಾಯ, ಹೊತ್ತು ಮೀರುತ್ತಿದೆ. ಕೊಳವೆ ಎಲ್ಲಿ?" ಎಂದಿತು ಹೆಣ್ಣು.

"ತಾಳು. ಕೊಳವೆ ಹೆಣೆದರೆ ಒಳಗೆ ಕತ್ತಲಾಗಿ ಬಣ್ಣ ಕಾಣುವುದಿಲ್ಲ. ಹಳದಿಯೋ, ದಾಸವಾಳದ ಕೆಂಪೋ, ನೀನೇ ಹೇಳಿಬಿಡು."

"ಆ ಕತ್ತಲಿಗಾಗಿಯೇ ನಾನು ಗೂಡು ಹುಡುಕುತ್ತಿರುವುದು. ನಿನಗೆ ಬಣ್ಣ ಕಂಡರೆ ಕಾಗೆಗೆ ನನ್ನ ಮೊಟ್ಟೆ ಕಾಣುತ್ತದೆ."

"ಹಾಗಾದರೆ ಕೆಂಪೇ ಇರಲಿ" ಎಂದು ಗಂಡು ಹಾರಿತು.

ಅದು ಎಸಳು ಕಚ್ಚಿಕೊಂಡು ಮರಳುವಾಗ, ಹೆಣ್ಣು ಪಕ್ಕದ ಗರಿಯಲ್ಲಿ ತೂಗುತ್ತಿದ್ದ ಇನ್ನೊಂದು ಗೀಜಗನ ಗೂಡಿನ ಕೊಳವೆಯೊಳಗೆ ನುಸುಳುತ್ತಿತ್ತು.

ಗಂಡು ಸಂಜೆಯವರೆಗೆ ಆ ಗೂಡಿನ ಸುತ್ತ ಹಾರಾಡಿತು. ಕೊನೆಗೆ ತಡೆಯಲಾರದೆ ಅದರ ಕೊಳವೆಯೊಳಗೆ ತಲೆ ತೂರಿಸಿತು. ಏನೂ ಕಾಣಲಿಲ್ಲ. ಕತ್ತಲೊಳಗಿಂದ ಹೆಣ್ಣಿನ ಕೊಕ್ಕು ಬಂದು ನೆತ್ತಿಯನ್ನು ಕುಕ್ಕಿತು.

"ಹೋಗುತ್ತೇನೆ" ಎಂದಿತು ಗಂಡು, ತಲೆ ಹೊರಗೆಳೆಯದೆ. "ಇವನು ಯಾವ ಬಣ್ಣ ಹಾಕಿದ್ದಾನೆ, ಅಷ್ಟು ಹೇಳು."