ಕರಡಿಗೆಯಲ್ಲಿದ್ದದ್ದು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಬೂದಯ್ಯಜ್ಜ ಇದ್ದರು. ಅವರ ಶಿಷ್ಯ ಅಡಿವೆಯ್ಯ.

ಒಂದು ಸೋಮವಾರ ಭಕ್ತರು ಕೂತಿದ್ದರು. ಅಡಿವೆಯ್ಯ ಕಂಪ್ಯೂಟರ್ ಹಚ್ಚಿದ. ಮಠದ ಹಿಂದಿನ ಗುರು, ಲಿಂಗೈಕ್ಯರಾದ ಹಿರಿಯಜ್ಜರ ಫೋಟೋ ಪರದೆಯ ಮೇಲೆ ಬರಬೇಕಿತ್ತು. ಇಸ್ಪೀಟು ಹಿಡಿದು ಕಣ್ಣು ಹೊಡೆಯುವ ಅರೆಬತ್ತಲೆ ಹೆಂಗಸು ಬಂದಳು.

ಕೂತವರು ಮುಖ ಹೊರಳಿಸಿದರು. ಕಣ್ಣು ಮಂಜಾಗಿದ್ದ ಮುದುಕಿ ನೀಲವ್ವ ಮಾತ್ರ ಕೈಮುಗಿದಳು.

ಅಡಿವೆಯ್ಯ ವಯರ್ ಕಿತ್ತ.

ವೈರಸ್ ಹೊಕ್ಕಿತ್ತು. ಎಲ್ಲ ಅಳಿಸಿ ಹೊಸದಾಗಿ ತುಂಬಿದ. ಹೆಂಗಸು ಮತ್ತೆ ಬಂದಳು. ಪೇಟೆಗೆ ಹೋಗಿ ಹಾರ್ಡ್ ಡಿಸ್ಕನ್ನೇ ಬದಲಿಸಿದ. ಬಂದಳು. ಇಂಟರ್ನೆಟ್ ತೆಗೆಸಿದ. ಆಗಲೂ ಬಂದಳು.

ಮುಂದಿನ ಸೋಮವಾರ ಹಿರಿಯಜ್ಜರ ಸ್ಮರಣೆ. ಅವರ ದನಿ ಕೇಳಲು ಊರೇ ಬರುತ್ತದೆ. ಅವರು ಹೋಗುವ ಮುಂಚೆ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟ ದನಿ ಅದು. ಒಂದು ಪೆನ್ ಡ್ರೈವಿನಲ್ಲಿತ್ತು. ಬೇರೆಲ್ಲೂ ಇರಲಿಲ್ಲ. ಪ್ರತಿ ಮಾಡಿಕೊಳ್ಳಲು ಅಡಿವೆಯ್ಯ ಯಾರಿಗೂ ಕೊಟ್ಟಿರಲಿಲ್ಲ. ತಾಯಿಯಿಲ್ಲದ ಅವನನ್ನು ತೊಟ್ಟಿಲಿನಿಂದ ಸಾಕಿದವರು ಹಿರಿಯಜ್ಜರು.

ಅವನು ಗುರುಗಳ ಹತ್ತಿರ ಹೋದ.

"ಅಜ್ಜಾರ, ಎಷ್ಟ ತೊಳದ್ರೂ ಹೋಗವಲ್ದು. ಹೊರಗಿಂದ ಯಾರೋ ಕಳಸಾಕತ್ತಾರ."

"ಯಾರು?"

ಮಠದ ಮೇಲೆ ಹೊಟ್ಟೆಕಿಚ್ಚಿರುವ ನಾಲ್ಕಾರು ಜನರ ಹೆಸರು ಹೇಳಿದ. ಅಜ್ಜ ಕೇಳಿಸಿಕೊಂಡರು.

"ನನ್ನ ಮುಂದ ತೊಳಿ," ಅಂದರು.

ಅಡಿವೆಯ್ಯ ಮತ್ತೆ ಅಳಿಸಿದ. ಮತ್ತೆ ತುಂಬಿದ. ಅಜ್ಜ ಕೋಲು ಊರಿಕೊಂಡು ಪಕ್ಕದಲ್ಲೇ ಕೂತಿದ್ದರು. ಪರದೆ ತಿಳಿಯಾಯಿತು. ಹೆಂಗಸು ಇರಲಿಲ್ಲ.

"ಮುಗೀತೇನು?"

"ಮುಗೀತ್ರಿ. ಇನ್ನ ಶುಭಕ್ಕಂತ ಮೊದಲ ಹಿರ್ಯಜ್ಜಾರ ದನಿ."

ದೇವರ ಜಗಲಿಯ ಮೇಲಿಂದ ಬೆಳ್ಳಿಯ ಕರಡಿಗೆ ತಂದ. ಹಿರಿಯಜ್ಜರು ತಮ್ಮ ಇಷ್ಟಲಿಂಗ ಇಡುತ್ತಿದ್ದ ಕರಡಿಗೆ. ಈಗ ಅದರೊಳಗೆ, ಅರಳೆಯ ಮೇಲೆ, ಪೆನ್ ಡ್ರೈವ್ ಇತ್ತು. ಅದರ ಮೇಲೆ ವಿಭೂತಿ. ಕಣ್ಣಿಗೆ ಒತ್ತಿಕೊಂಡು ಕಂಪ್ಯೂಟರಿಗೆ ಚುಚ್ಚಿದ.

ಪರದೆಯ ಮೇಲೆ ಕೆಂಪು ಚೌಕ ಮೂಡಿ ಏನೋ ಕೇಳಿತು. ಅಡಿವೆಯ್ಯ ಓದದೆ ಒತ್ತಿದ. ಚೌಕ ಹೋಯಿತು.

"ಅದೇನ ಕೇಳ್ತು?"

"ಒಳಗ ಬಿಡ್ಲೋ ಬ್ಯಾಡೋ ಅಂತರಿ. ಪ್ರತಿ ಸಲ ಕೇಳ್ತೈತಿ. ಹುಚ್ಚ ಸಾಫ್ಟ್‌ವೇರ್. ಹಿರ್ಯಜ್ಜಾರ ಮ್ಯಾಲೆ ಸಂಶಯ ಅದಕ್ಕ."

ಸ್ಪೀಕರಿನಲ್ಲಿ ಹಿರಿಯಜ್ಜರು ಕೆಮ್ಮಿದರು. ಅವರ ಮಾತು ಶುರುವಾಗುವುದೇ ಹಾಗೆ.

ಕೆಮ್ಮಿನ ಬೆನ್ನಿಗೆ ಹೆಂಗಸು ಬಂದಳು. ಕಣ್ಣು ಹೊಡೆದಳು.

ಅಡಿವೆಯ್ಯ ಅವಳನ್ನು ನೋಡಿದ. ಕರಡಿಗೆಯನ್ನು ನೋಡಿದ.

"ಇದರಾಗ?"

ಅಜ್ಜ ಕರಡಿಗೆಯನ್ನು ತಮ್ಮ ಹತ್ತಿರ ಎಳೆದುಕೊಂಡರು.

"ನಾನ ತರತಿದ್ದೆ," ಅಂದ ಅಡಿವೆಯ್ಯ. "ಕಣ್ಣಿಗೆ ಒತ್ತಿಕೊಂಡು."

"ಅಳಸು."

ಅವನು ಅಜ್ಜನ ಕಾಲು ಹಿಡಿದ. ಒಂದು ದಿನ ಕೊಡಿ, ಪೇಟೆಗೆ ಒಯ್ಯುತ್ತೇನೆ, ದನಿ ಉಳಿಸಿ ಹೊಲಸನ್ನಷ್ಟೇ ತೆಗೆಯುವವರು ಯಾರಾದರೂ ಸಿಕ್ಕಾರು ಎಂದು ಬೇಡಿಕೊಂಡ. ಅಜ್ಜ ಅವನ ತಲೆಯ ಮೇಲಿಂದ ಪರದೆಯನ್ನು ನೋಡುತ್ತಿದ್ದರು.

"ಅಳಸೂ ಗುಂಡಿ ಯಾವುದು?"

ಗುರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ರೂಢಿ. ಅಡಿವೆಯ್ಯನ ಬೆರಳು ತಾನಾಗಿ ತೋರಿಸಿತು.

ಅಜ್ಜ ಒತ್ತಿದರು.

ದನಿ ನಿಂತಿತು. ಪೆನ್ ಡ್ರೈವ್ ಖಾಲಿ.

ಅಡಿವೆಯ್ಯ ಬರೀ ನೆಲದ ಮೇಲೆ ಕೂತುಬಿಟ್ಟ.

"ಅವರು ನಿಮ್ಮ ಗುರುಗಳೂ ಹೌದಲ್ರಿ," ಅಂದ.

"ಹೌದು."

ಅಜ್ಜನ ಹೆಬ್ಬೆರಳು ಖಾಲಿ ಕರಡಿಗೆಯ ಮುಚ್ಚಳವನ್ನು ಸವರುತ್ತಿತ್ತು.

"ಏನ ಹೇಳ್ತಿದ್ರು ಅದರಾಗ?"

ಅಡಿವೆಯ್ಯನಿಗೆ ಎಲ್ಲ ಬಾಯಿಪಾಠ. ದಿನವೂ ಹಚ್ಚುತ್ತಿದ್ದವನು. ಮೊದಲು ಕೆಮ್ಮಿದ. ಹಿರಿಯಜ್ಜರ ಹಾಗೆಯೇ. ಆಮೇಲೆ ಹೇಳಿದ.

"ಯಪ್ಪಾ, ಲಿಂಗ ಐತೆಂತ ಹಂಗ ಪೂಜಿಗೆ ಕುಂದರಬ್ಯಾಡ್ರಿ. ಕರಡಿಗ್ಯಾಗ ಇದ್ರೂ ಧೂಳ ಕುಂದ್ರತೈತಿ. ಮೊದಲ ಅದನ್ನ ತೊಳೀ..."

ಅಲ್ಲಿಗೆ ನಿಲ್ಲಿಸಿದ. ಕರಡಿಗೆಯ ಕಡೆ ನೋಡಿದ.

"ಇಷ್ಟ ದಿನ ಈ ಕಂಪ್ಯೂಟರ್ ಪೆಟ್ಟಿಗಿ ಕೇಳತಿತ್ತು," ಅಂದರು ಬೂದಯ್ಯಜ್ಜ. "ಇವತ್ತ ನೀ ಕೇಳಿದಿ."