ಪೂಜೆಯಾದ ರ‍್ಯಾಮ್

ತಾಲೂಕು ಕಚೇರಿ ಎದುರು ಕೂತು ಟೈಪಿಂಗ್ ಮಾಡುವವನೊಬ್ಬನಿದ್ದ. ಲ್ಯಾಪ್‌ಟಾಪ್ ನಿಂತರೆ ಅವನ ಮನೆಯ ಒಲೆಯೂ ನಿಂತಂತೆ. ರಿಪೇರಿಗೆ ಕೊಟ್ಟ ಕಡೆಯಲ್ಲೆಲ್ಲ ಒಳಗಿನ ಒಳ್ಳೆಯ ಸಾಮಾನು ಮಾಯವಾಗಿ ಹಳೆಯದು ಬಂದು ಕೂರುತ್ತಿತ್ತು. ಈಗ ಅದು ಮತ್ತೆ ನಿಂತಿತ್ತು; ಊರಲ್ಲಿ ಅವನು ನೋಡದೆ ಉಳಿದದ್ದು ಉಮಾಪತಿಯ ರಿಪೇರಿ ಅಂಗಡಿಯೊಂದೇ.

"ನನ್ನೆದುರಿಗೇ ಬಿಚ್ಚಿ ಸಾರ್," ಎಂದ ಟೈಪಿಂಗಿನವನು.

"ಆಪರೇಷನ್ ಮಾಡುವಾಗ ಡಾಕ್ಟರು ನೆಂಟರನ್ನ ಪಕ್ಕದಲ್ಲಿ ಕೂರಿಸ್ಕೋತಾರೇನಯ್ಯಾ? ಬಿಟ್ಟು ಹೋಗು!"

ಬಿಟ್ಟು ಹೋದ. ಮಾರನೆಯ ದಿನ ಲ್ಯಾಪ್‌ಟಾಪ್ ಎದ್ದಿತು. ಆದರೆ ಒತ್ತಿದ ಅಕ್ಷರ ಮೂಡುವಷ್ಟರಲ್ಲಿ ಚಹಾ ಆರುತ್ತಿತ್ತು.

"ನಾನು ಹೊಸದಾಗಿ ಹಾಕಿಸಿದ್ದ ರ‍್ಯಾಮ್ ಎಲ್ಲಿ ಸಾರ್?"

"ಒಳಗಿರೋದು ನಿಂದೇ ಕಣಯ್ಯಾ. ಬೇರೆ ಅನ್ನೋಕೆ ಗುರುತೇನಿದೆ?"

"ಆಯುಧಪೂಜೆ ದಿನ ಅದಕ್ಕೆ ಕುಂಕುಮ ಇಟ್ಟು, ಕಾಯಿ ಒಡೆದಿದ್ದೆ."

ಉಮಾಪತಿಯ ಮುಖ ಬಿಳಿಚಿತು. "ಅಯ್ಯೋ, ಪೂಜೆಯಾದ ಸಾಮಾನಾ? ಮೊದಲೇ ಹೇಳಿದ್ರೆ ಮುಟ್ತಾನೇ ಇರಲಿಲ್ಲವಲ್ಲೋ!"

ಡ್ರಾಯರಿನಿಂದ ರ‍್ಯಾಮ್ ತೆಗೆದು ಕಣ್ಣಿಗೊತ್ತಿಕೊಂಡ. ಆಮೇಲೆ ತಿರುಗಿಸಿ ತಿರುಗಿಸಿ ನೋಡಿದ. "ಕುಂಕುಮ ಎಲ್ಲಿ?"

"ನನಗೆ ಬಿಚ್ಚೋಕೇ ಬರಲ್ಲ ಸಾರ್. ಕುಂಕುಮ ಹೇಗೆ ಇಡಲಿ?"

ಉಮಾಪತಿ ಹಲ್ಲು ಕಡಿದ. ಆಮೇಲೆ ನಿಧಾನವಾಗಿ ನಕ್ಕ. "ಹಾಗಾದ್ರೆ ಇದನ್ನ ಕೂರಿಸೋರು ಯಾರು?"

ಟೈಪಿಂಗಿನವನು ಬೀದಿಯ ಈ ತುದಿ ನೋಡಿದ, ಆ ತುದಿ ನೋಡಿದ. ಲ್ಯಾಪ್‌ಟಾಪನ್ನು ಮತ್ತೆ ಅದೇ ಕೈಗೆ ಕೊಟ್ಟ.

"ಬಿಟ್ಟು ಹೋಗು," ಎಂದ ಉಮಾಪತಿ.