ಆಮೆ ತಲೆ ಮುಳುಗಿಸುವಷ್ಟರಲ್ಲಿ

ಪಣಕ್ಕಿಟ್ಟದ್ದು ಹೊಳೆದಂಡೆಯ ಅತ್ತಿಮರದ ಒಂದು ವರ್ಷದ ಹಣ್ಣು, ಪೂರ್ತಿ. ಒಂದು ಕಾಡಿಗೆ ಒಡೆಯನಾಗಿದ್ದ ಆನೆ ಹೀಗೆ ಸಾರಿತು: ಯಾರಿಗೂ ಗೊತ್ತಿಲ್ಲದ, ಎಲ್ಲರಿಗೂ ಉಪಯೋಗಕ್ಕೆ ಬರುವ ಒಂದು ಸಂಗತಿಯನ್ನು ಮಳೆಗಾಲ ಮುಗಿದ ಮೇಲೆ ಸೇರುವ ಸಭೆಗೆ ಹುಡುಕಿ ತಂದವರಿಗೆ ಆ ಹಣ್ಣು.

ಹಿಂದಿನ ಮಳೆಗಾಲದಲ್ಲಿ ಹೂತಿಟ್ಟ ಬೀಜವೆಲ್ಲ ಕೊಳೆತು ಅಳಿಲು ಅರೆಹೊಟ್ಟೆಯಲ್ಲಿ ದಿನ ದೂಡಿತ್ತು. ಅದಕ್ಕೆ ಈ ಹಣ್ಣು ಬೇಕೇ ಬೇಕಿತ್ತು. ಏನನ್ನು ಹುಡುಕಲಿ ಎಂದು ಹೋಗಿ ನರಿಯನ್ನು ಕೇಳಿತು. ನರಿಗೂ ಅದೇ ಮರದ ಮೇಲೆ ಕಣ್ಣು.

"ಸಣ್ಣ ವಿಷಯಕ್ಕೆ ಯಾರು ಬೆಲೆ ಕೊಡ್ತಾರೆ ತಂಗಿ? ಇಡೀ ಕಾಡನ್ನೇ ಹಿಡಿ," ಎಂದಿತು ನರಿ.

ಅಳಿಲು ನಂಬಿತು. ಹದಿನೈದು ದಿನ ಓಡಾಡಿ, ಕಂಡಕಂಡ ಎಲೆ, ಬೇರು, ತೊಗಟೆ ತಂದು ತನ್ನ ಗೂಡಿನ ಮರದ ಬುಡದಲ್ಲಿ ಪೇರಿಸಿತು. ರಾಶಿ ಬೆಳೆಯಿತು, ಅದರಿಂದ ಸಭೆಗೆ ಹೇಳುವಂಥ ಒಂದು ಸಂಗತಿಯೂ ಹೊರಡಲಿಲ್ಲ. ಸೋತು ಹೊಳೆಯ ಮುದಿ ಆಮೆಯ ಹತ್ತಿರ ಹೋಗಿ ಅತ್ತುಕೊಂಡಿತು.

ಆಮೆ ಗದರಲಿಲ್ಲ. "ನಾನು ನೀರಿನಿಂದ ತಲೆ ಎತ್ತಿ ಮತ್ತೆ ಮುಳುಗಿಸುವಷ್ಟರಲ್ಲಿ, ನೀನು ಹುಡುಕುತ್ತಿರೋದು ಏನು ಅಂತ ಒಂದು ಪ್ರಶ್ನೆಯಾಗಿ ಹೇಳಿ ಮುಗಿಸು," ಎಂದಿತು.

ಅಳಿಲು ಕಾಡಿನ ಮರಗಳಿಂದ ಶುರುಮಾಡಿತು. ಬೇರು ಮುಗಿಸಿ ಕೊಂಬೆಗೆ ಬರುವುದರೊಳಗೆ ಆಮೆಯ ತಲೆ ಮುಳುಗಿತ್ತು. ಮರ ಬಿಟ್ಟು ಬೀಜ ಹಿಡಿಯಿತು. ಬಣ್ಣ, ಗಾತ್ರ ಎನ್ನುವಷ್ಟರಲ್ಲಿ ಮತ್ತೆ ಮುಳುಗಿತು.

"ಊರವರ ಚಿಂತೆ ಬೇಡ ಮಗಳೇ. ನಿನಗೆ ನಷ್ಟ ಆದದ್ದು ಎಲ್ಲಿ, ಅದನ್ನ ಹೇಳು," ಎಂದಿತು ಆಮೆ, ಮತ್ತೆ ತಲೆ ಎತ್ತಿ.

ಅಳಿಲು ಯೋಚಿಸಿತು. "ಮಳೆಗಾಲದಲ್ಲಿ ಯಾವ ಮಣ್ಣಲ್ಲಿ ಹೂತ ಬೀಜ ಕೊಳೆಯೋದಿಲ್ಲ?"

ಆಮೆಯ ತಲೆ ಇನ್ನೂ ನೀರಿನ ಮೇಲೇ ಇತ್ತು.

"ಇಷ್ಟು ಸಣ್ಣದಾ, ಅಜ್ಜ?"

"ನಿನ್ನ ಕಾಲಿಗೆ ಎಟುಕುವಷ್ಟಿದೆ. ಹೋಗು."

ಅಳಿಲು ಕಪ್ಪು ಮಣ್ಣು, ಹೊಳೆಮರಳು, ಹುತ್ತದ ಮಣ್ಣು, ಮೂರು ಕಡೆಯೂ ಹತ್ತು ಹತ್ತು ಬೀಜ ಹೂತು ಮಳೆ ನಿಲ್ಲುವವರೆಗೆ ಕಾಯಿತು. ಅದು ಬಿಟ್ಟುಹೋದ ರಾಶಿಯನ್ನು ನರಿ ಸದ್ದಿಲ್ಲದೆ ಹೊತ್ತೊಯ್ದಿತು.

ಸಭೆಯ ದಿನ ನರಿ ಆ ರಾಶಿಯನ್ನು ಸುರಿದು, ಇಡೀ ಕಾಡು ಇಲ್ಲಿದೆ ಎಂದಿತು. ಆನೆ ಅದರಿಂದ ಒಂದು ಎಲೆ ಎತ್ತಿ ಇದೇನೆಂದು ಕೇಳಿತು.

"ರುಚಿಯಾದ ಸೊಪ್ಪು ಒಡೆಯಾ. ದಿನಾ ತಿಂತೀನಿ."

"ಹಾಗಾದರೆ ಇದೊಂದು ತಿನ್ನು."

ಅದು ತುರಿಕೆ ಸೊಪ್ಪು. ಒಣಗಿದ್ದರೂ ಗುಣ ಬಿಟ್ಟಿರಲಿಲ್ಲ. ನರಿಯ ನಾಲಿಗೆ ಊದಿಕೊಂಡಿತು, ಮುಂದಿನ ಮಾತು ಹೊರಡಲಿಲ್ಲ.

ಅಳಿಲು ಹೇಳಿದ್ದು ಇಷ್ಟೇ: ಹುತ್ತದ ಮಣ್ಣಿನಲ್ಲಿ ಹತ್ತಕ್ಕೆ ಒಂಬತ್ತು ಉಳಿದಿವೆ, ಮರಳಿನಲ್ಲಿ ನಾಲ್ಕು, ಕಪ್ಪು ಮಣ್ಣಿನಲ್ಲಿ ಒಂದೂ ಇಲ್ಲ, ಬೇಕಾದರೆ ಅಗೆದು ನೋಡಿ.

ಎಲ್ಲರೂ ಅಗೆದು ನೋಡಿದರು. ಲೆಕ್ಕ ಸರಿಯಿತ್ತು. ಕೊನೆಗೆ ಅಳಿಲಿಗೆ ದಕ್ಕಿದ್ದು ಒಂದು ಮರದ ಹಣ್ಣು, ಮೇಲೆ ಹದಿಮೂರು ಒಳ್ಳೆಯ ಬೀಜ.

ನೀತಿ: ಇಡೀ ಕಾಡನ್ನು ತಬ್ಬಲು ಹೋದರೆ ಕೈ ಖಾಲಿ, ಎಟುಕುವ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದವರಿಗೆ ಉತ್ತರ ಸಿಗುತ್ತದೆ.